ಗಂಡನ ಹೆಸರಿಗೆ ಒಂದು ಅಂಕ

ನಾವು ಕೆಲಸ ಮಾಡುತ್ತಿದ್ದ ಕೇಂದ್ರ ಚನ್ನಗಿರಿಯ ಒಂದು ಆಸ್ಪತ್ರೆಯ ಹಿಂಭಾಗದ ಎರಡು ಕೋಣೆಗಳಲ್ಲಿತ್ತು. ಅದಕ್ಕೂ ಮೊದಲು ಅಲ್ಲಿ ಡಿ.ಡಿ.ಟಿ. ಪುಡಿಯ ಚೀಲಗಳನ್ನು ಇಡುತ್ತಿದ್ದರಂತೆ. ಗೋಡೆಗಳ ಬಣ್ಣ ತಿಳಿಹಸಿರು ಎಂದು ಬರೆಯಲು ಹೊರಟು ನಿಲ್ಲಿಸಿದ್ದೇನೆ. ಆ ಕಾಲದ ಎಲ್ಲ ಆಸ್ಪತ್ರೆಗಳ ಗೋಡೆಯೂ ನನ್ನ ತಲೆಯಲ್ಲಿ ತಿಳಿಹಸಿರಾಗಿಯೇ ಇದೆ, ಹಾಗಾಗಿ ಆ ಬಣ್ಣವನ್ನು ನಂಬಲಾರೆ. ವಾಸನೆಯನ್ನು ನಂಬುತ್ತೇನೆ. ಆ ಪುಡಿಯ ವಾಸನೆ ನಮ್ಮ ಸೀರೆಗೆ, ಕಾಗದಕ್ಕೆ, ಊಟದ ಡಬ್ಬಿಗೆ ಹತ್ತಿಕೊಂಡಿತ್ತು. ಅದನ್ನು ಯಾರೂ ನನಗೆ ಆಮೇಲೆ ಹೇಳಿಕೊಟ್ಟದ್ದಲ್ಲ.

ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾಗಿತ್ತು. ವಯಸ್ಸಾದವರ ಮರೆವು ಬರೀ ವಯಸ್ಸೋ ಅಥವಾ ಕಾಯಿಲೆಯೋ ಎಂದು ಹಳ್ಳಿ ಹಳ್ಳಿ ತಿರುಗಿ ತಿಳಿದುಕೊಳ್ಳುವುದು ನಮ್ಮ ಕೆಲಸ. ಹೊರಗೆ ‘ಜ್ಞಾಪಕಶಕ್ತಿ ಸಂಶೋಧನಾ ಕೇಂದ್ರ’ ಎಂಬ ಬೋರ್ಡು ಇತ್ತು. ಅದನ್ನು ನೋಡಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ತಂದೆ ತಾಯಂದಿರು ಮಕ್ಕಳನ್ನು ಎಳೆದುಕೊಂಡು ಬರುತ್ತಿದ್ದರು. ಓದಿದ್ದು ತಲೆಯಲ್ಲಿ ನಿಲ್ಲುವ ಟಾನಿಕ್ಕು ಇಲ್ಲಿ ಇಲ್ಲ ಎಂದು ನಾವು ಹೇಳಿದರೆ ಸಿಟ್ಟಾಗುತ್ತಿದ್ದರು. “ಮತ್ತೆ ಬೋರ್ಡ್ ಯಾಕೆ ಹಾಕ್ಕಂಡೀರಿ?” ಎಂದು ಕತ್ತಲಗೆರೆಯ ಒಬ್ಬರು ಕೇಳಿದ್ದು ನ್ಯಾಯವಾಗಿಯೇ ಇತ್ತು.

ನಾವು ನಾಲ್ವರು. ಡಾಕ್ಟರು ಬೆಂಗಳೂರಿನವರು, ನಲವತ್ತು ದಾಟಿದವರು, ಮಿರ್ಚಿ ತಿಂದು ಬಾಯಿ ಉರಿಸಿಕೊಂಡು ಮತ್ತೆ ಇನ್ನೊಂದು ತಿನ್ನುವವರು. ಪ್ರಶ್ನೆ ಕೇಳುವವರು ನಾನು ಮತ್ತು ಜಗಳೂರಿನ ಕಡೆಯ ಒಬ್ಬ ಸಹೋದ್ಯೋಗಿ. ನನ್ನದು ಹೊನ್ನಾಳಿ, ಮನಶ್ಶಾಸ್ತ್ರದ ಪದವಿ ಮುಗಿಸಿ ಬೇರೆ ಕೆಲಸ ಸಿಗದೆ ಬಂದವಳು. ಜೀಪು ಓಡಿಸುತ್ತಿದ್ದವರು ಚನ್ನಗಿರಿಯ ಒಬ್ಬ ಸಾಬರು. “ಡಾಕ್ಟ್ರೆ, ನಿಮ್ ಪರೀಕ್ಷೆ ನನಗೆ ಮಾತ್ರ ಮಾಡಬ್ಯಾಡ್ರಿ. ಲೈಸೆನ್ಸ್ ಹೋಗ್ತೈತೆ” ಎನ್ನುವುದು ಅವರ ಮಾತು. ಡಾಕ್ಟರು ಪ್ರತಿ ಸಲವೂ ಹೊಸದಾಗಿ ಕೇಳಿದಂತೆ ನಗುತ್ತಿದ್ದರು.

ನಮ್ಮ ಕೈಯಲ್ಲಿದ್ದ ಪ್ರಶ್ನೆಗಳು ಬೇರೆ ದೇಶದಿಂದ ಬಂದು ಬೆಂಗಳೂರಿನಲ್ಲಿ ಕನ್ನಡವಾದವು. ಇವತ್ತು ಯಾವ ವಾರ? ಯಾವ ತಿಂಗಳು? ಇದು ಯಾವ ವರ್ಷ? ಸೇಬು, ಮೇಜು, ನಾಣ್ಯ, ಈ ಮೂರು ಮಾತು ನೆನಪಿಟ್ಟುಕೊಂಡು ಆಮೇಲೆ ಹೇಳಬೇಕು. ಕೊನೆಯಲ್ಲಿ ಸ್ವಂತದ ಪ್ರಶ್ನೆಗಳು: ಹುಟ್ಟಿದ ಊರು, ಮಕ್ಕಳ ಹೆಸರು, ಗಂಡನ ಅಥವಾ ಹೆಂಡತಿಯ ಹೆಸರು. ಒಂದೊಂದಕ್ಕೂ ಒಂದು ಅಂಕ. ಇಂತಿಷ್ಟು ಅಂಕಕ್ಕಿಂತ ಕಡಿಮೆ ಬಂದರೆ ಅವರು ಗೆರೆಯ ಕೆಳಗೆ. ಕೇಳುವ ಮಾತು ಎಲ್ಲ ಊರಿನಲ್ಲೂ ಒಂದೇ ಇರಬೇಕು, ಕೇಳುವ ಕ್ರಮ ಒಂದೇ ಇರಬೇಕು, ಪಕ್ಕದಲ್ಲಿದ್ದವರು ಬಾಯಿ ಬಿಡಬಾರದು. ಇದು ಡಾಕ್ಟರ ಕಟ್ಟಪ್ಪಣೆ.

ಸೂಳೆಕೆರೆಯ ದಂಡೆಯ ಒಂದು ಹಳ್ಳಿಯಲ್ಲಿ, ಬಲೆ ಹೆಣೆಯುತ್ತ ಕೂತಿದ್ದ ಮುದುಕರಿಗೆ ನಾನು ಸೇಬು ಎಂದ ತಕ್ಷಣ ಅವರು ಬಲೆ ಕೆಳಗಿಟ್ಟರು. “ಯಾರಿಗವ್ವ ಹುಷಾರಿಲ್ಲ? ಯಾವ ಆಸ್ಪತ್ರೇಲಿ ಅದಾರೆ?” ಎಂದರು. ಸೇಬು ಅವರ ಲೆಕ್ಕದಲ್ಲಿ ಆಸ್ಪತ್ರೆಗೆ ಸೇರಿದವರಿಗೆ ಒಯ್ಯುವ ಹಣ್ಣು. ಆಮೇಲೆ ನಾನು ಮೇಜು, ನಾಣ್ಯ ಎಂದದ್ದು ಅವರ ಕಿವಿಗೆ ಬೀಳಲೇ ಇಲ್ಲ. ತಮ್ಮ ಪೈಕಿ ಯಾರು ಮಲಗಿದ್ದಾರೆ ಎಂಬ ಯೋಚನೆಯಲ್ಲೇ ಅವರ ಮೂರು ಅಂಕವೂ ಹೋಯಿತು. ಯಾವ ವಾರ ಎಂದು ಹೆಂಗಸರನ್ನು ಕೇಳಿದರೆ ಸಂತೆ ಮಾರನೆಯ ದಿನ ಎನ್ನುತ್ತಿದ್ದರು, ಅಮಾವಾಸ್ಯೆಗೆ ಎಷ್ಟು ದಿನ ಇದೆ ಎನ್ನುತ್ತಿದ್ದರು. ವಾರದ ಹೆಸರೇ ಬಾಯಿಂದ ಬರಬೇಕಿತ್ತು. ಬರದಿದ್ದರೆ ಸೊನ್ನೆ.

ಇವೆಲ್ಲವನ್ನೂ ಹೇಗೋ ಸಹಿಸಬಹುದಿತ್ತು. ನನಗೆ ಸಹಿಸಲಾಗದೆ ಹೋದದ್ದು ಗಂಡನ ಹೆಸರಿನ ಪ್ರಶ್ನೆ.

ನಮ್ಮ ಕಡೆಯ ಆ ವಯಸ್ಸಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಗಂಡ ಸತ್ತು ಎಷ್ಟೇ ವರ್ಷವಾಗಿರಲಿ, ಹೇಳುವುದಿಲ್ಲ. ರೇಷನ್ ಅಂಗಡಿಯಲ್ಲಿ, ಓಟಿನ ದಿನ, ಆಸ್ಪತ್ರೆಯಲ್ಲಿ ಚೀಟಿ ಬರೆಸುವಾಗ ಪಕ್ಕದಲ್ಲಿರುವ ಮಗುವಿನ ಬೆನ್ನು ತಟ್ಟಿ, “ಹೇಳಪ್ಪ, ನಿಮ್ಮಜ್ಜನ ಹೆಸರು ಹೇಳು” ಎನ್ನುತ್ತಾರೆ. ಮಗು ಹೇಳುತ್ತದೆ, ಕೆಲಸ ನಡೆಯುತ್ತದೆ. ನಮ್ಮ ಪರೀಕ್ಷೆಯಲ್ಲಿ ಮಗು ಹೇಳಿದರೆ ಅದನ್ನು ಹೊಡೆದುಹಾಕಬೇಕು. ಮುದುಕಿಗೆ ಸೊನ್ನೆ. ಗಂಡಸರು ಹೆಂಡತಿಯ ಹೆಸರನ್ನು ಒಂದಿಷ್ಟು ನಾಚಿಕೊಂಡಾದರೂ ಹೇಳಿ ಅಂಕ ತೆಗೆದುಕೊಳ್ಳುತ್ತಿದ್ದರು. ಹೀಗಾಗಿ ನಮ್ಮ ಕಾಗದಗಳ ಪ್ರಕಾರ ಹೊನ್ನಾಳಿಯಿಂದ ಜಗಳೂರಿನವರೆಗೆ ಹೆಂಗಸರೆಲ್ಲ ಗಂಡಂದಿರನ್ನು ಮರೆತುಬಿಟ್ಟಿದ್ದರು.

“ಇದು ಮರೆವಲ್ಲ ಸಾರ್” ಎಂದು ನಾನು ಡಾಕ್ಟರಿಗೆ ಹೇಳಿದೆ. ಒಂದು ಸಲವಲ್ಲ, ಜೀಪಿನಲ್ಲಿ ಕೂತಾಗಲೆಲ್ಲ ಹೇಳಿದೆ.

“ನನಗೆ ಗೊತ್ತು” ಎಂದರು ಅವರು.

“ಗೊತ್ತಿದ್ದರೆ ಆ ಪ್ರಶ್ನೆ ತೆಗೆದುಬಿಡಿ.”

“ಅರ್ಧ ಊರಿಗೆ ಕೇಳಿ ಆಗಿದೆ. ಇನ್ನರ್ಧ ಊರಿಗೆ ಬೇರೆ ಗಜಕಡ್ಡಿ ಹಿಡಿದುಕೊಂಡು ಹೋದರೆ ನಾನು ಏನನ್ನು ಅಳೆದ ಹಾಗಾಯಿತು? ನೀವು ಒಂದು ಪ್ರಶ್ನೆ ಬಿಡ್ತೀರಿ, ಇವನು ಸೇಬು ತೆಗೆದು ಬಾಳೆಹಣ್ಣು ಹಾಕ್ತಾನೆ. ಆಮೇಲೆ?”

“ಸೇಬು ತೆಗೀರಿ ಅಂತ ನಾನೂ ಹೇಳಿದ್ದೆ ಸಾರ್” ಎಂದ ಸಹೋದ್ಯೋಗಿ ಹಿಂದಿನಿಂದ.

“ನೋಡಿದಿರಾ?” ಎಂದರು ಡಾಕ್ಟರು.

ಅವರು ಕೆಟ್ಟವರಾಗಿದ್ದರೆ ನನ್ನ ಸಿಟ್ಟಿಗೆ ಒಂದು ಜಾಗ ಸಿಗುತ್ತಿತ್ತು. ಅವರ ಮಾತಿನಲ್ಲೂ ಹುರುಳಿತ್ತು. ಹುರುಳಿದ್ದ ಮಾತಿಗೆ ಎದುರಾಡಿ ಎದುರಾಡಿ ನನ್ನ ಗಂಟಲು ಒಣಗುತ್ತಿತ್ತು, ಮರುದಿನ ಬೆಳಿಗ್ಗೆ ಮತ್ತೆ ಅದೇ ಕಾಗದ ಹಿಡಿದು ಹೊರಡುತ್ತಿದ್ದೆ.

ನ್ಯಾಮತಿಯ ಆ ಮನೆಗೆ ಮೊದಲ ಸಲ ಹೋದದ್ದು ಹೀಗೊಂದು ಬೆಳಿಗ್ಗೆ. ಬೀದಿಗೆ ಅಂಗಡಿ, ಹಿಂದೆ ಮನೆ. ಕಿರಾಣಿ ವ್ಯಾಪಾರ ಮಾಡುವ ಶಿವಾಚಾರದ ಮನೆತನ. ಮನೆಯಲ್ಲಿ ಅಜ್ಜಿ, ಮಗ, ಸೊಸೆ, ಮದುವೆಯ ವಯಸ್ಸಿಗೆ ಬಂದ ಮೊಮ್ಮಗಳು. ಮೊಮ್ಮಗಳು ಒಳಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ನಾವು ರಕ್ತದ ಒತ್ತಡವನ್ನೂ ನೋಡುತ್ತಿದ್ದುದರಿಂದ ಮೊದಲ ಸಲ ಎಲ್ಲ ಕಡೆಯೂ ಒಳ್ಳೆಯ ಸ್ವಾಗತವೇ ಸಿಗುತ್ತಿತ್ತು. ಸೊಸೆ ಚಾಪೆ ಹಾಸಿ, ಒಂದು ತಟ್ಟೆ ಮಂಡಕ್ಕಿ ತಂದಿಟ್ಟರು.

ಅಜ್ಜಿ ಹಣೆತುಂಬ ವಿಭೂತಿ ಹಚ್ಚಿಕೊಂಡು ಗೋಡೆಗೆ ಒರಗಿ ಕೂತರು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮದ್ವಿ ಆಗೈತೇನೆ ತಂಗಿ?” ಎಂದರು.

“ಇಲ್ಲಜ್ಜಿ.”

“ಊರೂರು ಅಲೀತಿದ್ರೆ ಯಾವನ್ ಮಾಡ್ಕಂತಾನೆ?” ಎಂದು ಹೇಳಿ ತಾವೇ ನಕ್ಕರು. ಸೊಸೆ ಅಡುಗೆಮನೆಯ ಬಾಗಿಲಿನಿಂದ, “ಅತ್ತೆ, ಅವರು ಕೇಳಾಕೆ ಬಂದಾರೆ, ನೀವು ಕೇಳಬ್ಯಾಡ್ರಿ” ಎಂದರು.

ಯಾವ ವಾರ ಎಂದದ್ದಕ್ಕೆ ಅಜ್ಜಿ ಸಂತೆಯ ಲೆಕ್ಕ ಹೇಳಿದರು. ಹುಟ್ಟಿದ ಊರು ಹೇಳಿದರು, ಮಕ್ಕಳ ಹೆಸರು ಹೇಳಿದರು. ಮೂರು ಮಾತಿನಲ್ಲಿ ಎರಡು ಬಂದವು. ನಡುವೆ ಒಮ್ಮೆ ಮೊಮ್ಮಗಳನ್ನು ತಮ್ಮ ತಂಗಿಯ ಹೆಸರಿನಿಂದ ಕರೆದರು. ಆ ತಂಗಿ ತೀರಿಹೋಗಿ ಬಹಳ ಕಾಲವಾಗಿದೆ ಎಂದು ಸೊಸೆ ಮೆಲ್ಲಗೆ ಹೇಳಿದರು. ಆದ್ದರಿಂದ ಅಜ್ಜಿಯ ನೆನಪು ಗಟ್ಟಿಯಾಗಿತ್ತು, ನಾವು ಸುಮ್ಮನೆ ಕೆಡಿಸಿದೆವು ಎಂದು ನಾನು ಈಗ ಹೇಳಲಾರೆ. ಹಾಗೆ ಹೇಳಿದರೆ ಕಥೆ ಸಲೀಸಾಗುತ್ತದೆ. ಎಲ್ಲೋ ಏನೋ ಸಡಿಲವಾಗತೊಡಗಿತ್ತು, ಅದು ಎಷ್ಟು ಎಂದು ನಮ್ಮ ಪ್ರಶ್ನೆಗಳಿಂದ ತಿಳಿಯುವಂತಿರಲಿಲ್ಲ.

ಗಂಡನ ಹೆಸರು ಕೇಳಿದಾಗ ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಕಣ್ಣಲ್ಲಿ ನಗು. “ಏ, ಹೇಳಪ್ಪ” ಎಂದು ಮಗನ ಕಡೆ ಕೈ ಮಾಡಿದರು. ಮಗ ಹೇಳಿದರು. ನಾನು ಬರೆದುಕೊಂಡು ಅಡ್ಡಗೆರೆ ಎಳೆದೆ. ಅಜ್ಜಿ ಗೆರೆಗೆ ಒಂದೇ ಒಂದು ಅಂಕದಷ್ಟು ಕೆಳಗೆ ನಿಂತರು.

ಯಾರು ಗೆರೆಯ ಮೇಲೆ, ಯಾರು ಕೆಳಗೆ ಎನ್ನುವುದನ್ನು ನಾವು ಯಾರಿಗೂ ಹೇಳುವಂತಿರಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಕೆಳಗಿದ್ದವರನ್ನು ಮಾತ್ರ ನಾವು ಮತ್ತೆ ಮತ್ತೆ ಹೋಗಿ ನೋಡುತ್ತಿದ್ದೆವು, ಜೀಪಿನ ಎರಡೂ ಬದಿಗೆ ಬಿಳಿ ಅಕ್ಷರದಲ್ಲಿ ಕೇಂದ್ರದ ಹೆಸರಿತ್ತು. ಜನ ಅದಕ್ಕೆ ‘ತಲೆ ಜೀಪು’ ಎಂದು ಹೆಸರಿಟ್ಟರು. ತಲೆ ಜೀಪು ಎರಡನೆಯ ಸಲ ನಿಂತ ಮನೆ ಎಂದರೆ ನಾಪಾಸಾದ ಮನೆ. ನ್ಯಾಮತಿಯ ಆ ಅಂಗಡಿಯ ಮುಂದೆ ಜೀಪು ಎರಡನೆಯ ಸಲ ನಿಂತಿತು. ಆವತ್ತು ಒತ್ತಡ ನೋಡಿಕೊಂಡು, ಮತ್ತೆ ಬರುತ್ತೇವೆ ಎಂದು ಹೇಳಿ ಬಂದೆವು, ಅಷ್ಟೆ. ಎದುರುಮನೆಯಾಕೆ ಜಗಲಿಯಿಂದಲೇ ಕೂಗಿ ಸೊಸೆಯನ್ನು ಕೇಳಿದರು: “ಏನವ್ವ, ಅತ್ತೆಗೋ ನಿನಗೋ?”

ಆಗ ಮೊಮ್ಮಗಳಿಗೆ ಜಗಳೂರಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಮೇಷ್ಟ್ರು. ಎರಡು ಕಡೆಗೂ ಒಪ್ಪಿಗೆಯಾಗಿ ಮಾತು ಮುಗಿಸುವುದಷ್ಟೇ ಉಳಿದಿತ್ತು. ತಲೆ ಜೀಪಿನ ಸುದ್ದಿ ಅಲ್ಲಿಗೂ ಹೋಯಿತು. ಹುಡುಗನ ದೊಡ್ಡಪ್ಪ ನನ್ನ ಸಹೋದ್ಯೋಗಿಯನ್ನು ಅವನ ಊರಿನಲ್ಲೇ ಹುಡುಕಿಕೊಂಡು ಹೋಗಿ, ಬೇವಿನ ಮರದ ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳಿದರಂತೆ: “ನೀನು ನಮ್ಮ ಕಡೆ ಹುಡುಗ. ಇದ್ದದ್ದು ಹೇಳು. ಆ ಮನೇಲಿ ಹುಚ್ಚು ಐತಾ?”

ಯಾರ ವಿಷಯವನ್ನೂ ಹೊರಗೆ ಬಿಡಬಾರದು ಎಂಬ ನಿಯಮವನ್ನು ಅವನು ಚಾಚೂ ತಪ್ಪದೆ ಪಾಲಿಸಿದ. “ನಾವು ಹಂಗೆಲ್ಲ ಹೇಳೋ ಹಂಗಿಲ್ರಿ” ಎಂದ.

“ಇಲ್ಲ ಅಂದ್ರೆ ಇಲ್ಲ ಅನ್ನಾಕೆ ಏನು ಕಷ್ಟ?” ಎಂದರು ಅವರು. ಇವನು ಬಾಯಿ ಬಿಡಲಿಲ್ಲ. ಆ ಮೌನ ಬಸ್ ಹತ್ತಿ ನ್ಯಾಮತಿಗೆ ಬಂತು.

ಒಂದು ವಾರದೊಳಗೆ ಸೊಸೆ ಹೊನ್ನಾಳಿಯಲ್ಲಿ ಬಸ್ ಬದಲಿಸಿಕೊಂಡು ಚನ್ನಗಿರಿಗೆ ಬಂದರು. ಕೇಂದ್ರದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನಾವು ಕುರ್ಚಿ ತೋರಿಸಿದರೂ ಕೂರದೆ ಡಾಕ್ಟರ ಮೇಜಿನ ಮುಂದೆ ನಿಂತರು.

“ಸಾಹೇಬ್ರೆ, ನಮ್ಮತ್ತೆಗೆ ಏನೂ ಆಗಿಲ್ಲ ಅಂತ ಒಂದು ಚೀಟಿ ಬರ್ದು ಕೊಡ್ರಿ. ಬೀಗರಿಗೆ ತೋರಿಸ್ಬೇಕು.”

“ಅಮ್ಮ, ನಾವು ಚೀಟಿ ಕೊಡೋದಿಲ್ಲ. ಇದು ಬರೀ ಅಧ್ಯಯನ. ನಿಮ್ಮತ್ತೆಗೆ ಕಾಯಿಲೆ ಇದೆ ಅಂತ ನಾವು ಯಾರಿಗೂ ಹೇಳಿಲ್ಲ.”

“ಇಲ್ಲ ಅಂತಾನೂ ಹೇಳಿಲ್ಲಲ್ರಿ.”

“ಅದನ್ನೂ ಹೇಳೋ ಹಾಗಿಲ್ಲ.”

“ಮತ್ತೆ ನಮ್ಮ ಮನೆ ಮುಂದೆ ಜೀಪು ತಂದು ನಿಲ್ಸೋ ಹಂಗೈತಾ?” ಎಂದರು ಸೊಸೆ. “ನಾಪಾಸ್ ಮಾಡಾಕೆ ಬರ್ತೈತೆ, ಪಾಸ್ ಮಾಡಾಕೆ ಬರಲ್ವಾ ನಿಮಗೆ? ನನ್ನ ಮಗಳ ಮದ್ವಿ ನಿಂತೈತೆ ಇಲ್ಲಿ.”

ಡಾಕ್ಟರು ಇನ್ನಷ್ಟು ಮೃದುವಾಗಿ, ಮುಂದಿನ ತಿಂಗಳು ಗೆರೆಯ ಕೆಳಗಿದ್ದವರಿಗೆಲ್ಲ ಅದೇ ಪರೀಕ್ಷೆ ಇನ್ನೊಮ್ಮೆ ನಡೆಯುತ್ತದೆ, ಆಗ ಗೆರೆಯ ಮೇಲೆ ಬಂದರೆ ಜೀಪು ಮತ್ತೆ ಆ ಮನೆಗೆ ಬರುವುದಿಲ್ಲ ಎಂದರು. ಸಮಾಧಾನಕ್ಕೆ ಹೇಳಿದ ಮಾತು. ಸೊಸೆ ಅದನ್ನು ಬೇರೆ ರೀತಿ ಹಿಡಿದುಕೊಂಡರು.

“ಅವೇ ಪ್ರಶ್ನೆನಾ?”

“ಅವೇ.”

“ಅದೇ ವರಸೆಲಿ?”

“ಹೌದು, ಕ್ರಮ ಬದಲಾಗೋದಿಲ್ಲ.”

ಸೊಸೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಹೋಗುವಾಗ ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಡಾಕ್ಟರು ಅದನ್ನು ನೋಡಿ, “ಅರ್ಥಮಾಡಿಕೊಂಡರು” ಎಂದರು. ಅರ್ಥಮಾಡಿಕೊಂಡಿದ್ದರು, ನಿಜ. ಪರೀಕ್ಷೆ ಎಂದ ಮೇಲೆ ಅದಕ್ಕೆ ಓದಿಸಬಹುದು ಎಂಬುದನ್ನು.

ಎರಡನೆಯ ಸುತ್ತಿನಲ್ಲಿ ನಾವು ಹೋದ ಮನೆಗಳಲ್ಲೆಲ್ಲ ಏನೋ ವಿಚಿತ್ರ ನಡೆಯುತ್ತಿತ್ತು. ಕೆರೆಬಿಳಚಿಯಲ್ಲಿ ಒಬ್ಬ ಮುದುಕರು ನಾನು ಚಾಪೆಯ ಮೇಲೆ ಕೂರುವ ಮೊದಲೇ ಸೇಬು ಎಂದರು. ಜಗಳೂರಿನ ಹತ್ತಿರ ಒಂದು ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಇಸವಿ ಬರೆದಿತ್ತು, ಅಜ್ಜನ ಕಣ್ಣು ಅದರ ಮೇಲೇ ಇತ್ತು. ಊರೂರಿನಲ್ಲಿ ಮಕ್ಕಳು ಸೊಸೆಯಂದಿರು ಮುದುಕರಿಗೆ ಪಾಠ ಮಾಡಿದ್ದರು. ಮರೆವಿನ ಗುಂಪು ದಿನದಿಂದ ದಿನಕ್ಕೆ ಚುರುಕಾಗುತ್ತಿತ್ತು. ಡಾಕ್ಟರು ಜೀಪಿನಲ್ಲಿ ಹಣೆ ಒತ್ತಿಕೊಂಡು ಕೂತಿರುತ್ತಿದ್ದರು. “ಸಾರ್, ಸೇಬು ತೆಗೆದಿದ್ದರೆ...” ಎಂದು ಸಹೋದ್ಯೋಗಿ ಶುರುಮಾಡಿದರೆ, “ಸುಮ್ಮನಿರಯ್ಯ” ಎನ್ನುತ್ತಿದ್ದರು.

ನ್ಯಾಮತಿಗೆ ಸೋಮವಾರ ಬರುತ್ತೇವೆ ಎಂದು ಹೇಳಿ ಕಳಿಸಿದ್ದೆವು. ಹೊನ್ನಾಳಿಯ ಸೇತುವೆ ದಾಟುವ ಮೊದಲೇ ಜೀಪು ಕೆಟ್ಟು ನಿಂತಿತು. ಆ ದಿನ ರಿಪೇರಿಯಲ್ಲೇ ಕಳೆದು, ಮಂಗಳವಾರ ಬೆಳಿಗ್ಗೆ ತಲುಪಿದೆವು. ಅಂಗಡಿಗೆ ಅರ್ಧ ಬಾಗಿಲು ಹಾಕಿತ್ತು. ಪಡಸಾಲೆಯ ಬೆಂಚಿನ ಮೇಲೆ ಹುಡುಗನ ದೊಡ್ಡಪ್ಪ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಹಿಂದಿನ ದಿನವೇ ಬಂದು ನಮಗಾಗಿ ಕಾದು, ರಾತ್ರಿ ಅಲ್ಲೇ ಉಳಿದಿದ್ದರು. ಮನೆಯವರೇ ಅವರನ್ನು ಕರೆಸಿದ್ದರು: ಎದುರಿಗೇ ಪರೀಕ್ಷೆ ಆಗಲಿ, ಕಣ್ಣಾರೆ ನೋಡಿಕೊಂಡು ಹೋಗಲಿ ಎಂದು.

“ಬರ್ರಿ ಬರ್ರಿ” ಎಂದರು ಅವರು ಡಾಕ್ಟರಿಗೆ. “ಹುಡುಗಿ ನೋಡಾಕೆ ಬರೋರ್ನ ಕಂಡೀನಿ. ಹುಡುಗಿ ಅಜ್ಜಿನ ನೋಡಾಕೆ ಬಂದೋನು ನಾನೊಬ್ನೆ ಇರ್ಬೇಕು.”

ಹೊರಗಿನವರು ಇರುವಂತಿಲ್ಲ ಎಂದು ಡಾಕ್ಟರು ಮಗನಿಗೆ ಹೇಳಿದರು. ಮಗ ಕೈಮುಗಿದರು. “ಅವರೇ ನೋಡದಿದ್ರೆ ಪರೀಕ್ಷೆ ಮಾಡಿ ಏನು ಬಂತು ಸಾಹೇಬ್ರೆ?” ಎಂದರು. ಡಾಕ್ಟರು ನನ್ನ ಮುಖ ನೋಡಿದರು, ಗಡಿಯಾರ ನೋಡಿದರು, ಶುರುಮಾಡಿ ಎಂದರು.

ಅಜ್ಜಿಗೆ ಪೆಟ್ಟಿಗೆಯಿಂದ ತೆಗೆದ ಸೀರೆ ಉಡಿಸಿದ್ದರು, ಮಡಿಕೆಯ ಗೆರೆಗಳು ಇನ್ನೂ ಬಿಟ್ಟಿರಲಿಲ್ಲ. ಈ ಸಲ ಅವರು ನನ್ನ ಮದುವೆಯ ವಿಷಯ ಕೇಳಲಿಲ್ಲ. ನಾನು ಎದುರಿಗೆ ಕೂತ ತಕ್ಷಣ ಕಣ್ಣು ಮುಚ್ಚಿ ಒಂದೇ ಉಸಿರಿಗೆ, “ಸೋಮವಾರ, ಸೇಬು, ಮೇಜು, ನಾಣ್ಯ” ಎಂದರು.

“ಅತ್ತೆ, ಕೇಳಿದ ಮೇಲೆ ಹೇಳ್ಬೇಕು!” ಎಂದರು ಸೊಸೆ ಅಡುಗೆಮನೆಯ ಬಾಗಿಲಿನಿಂದ.

“ಯಾರೂ ಮಾತಾಡಬಾರದು” ಎಂದರು ಡಾಕ್ಟರು.

“ಅಜ್ಜಿ, ಇವತ್ತು ಯಾವ ವಾರ?” ಎಂದೆ.

“ಸೋಮವಾರ.”

“ಅಯ್ಯೋ, ನಿನ್ನೆ ಬರ್ತೀವಿ ಅಂದಿದ್ರಲ್ರಿ! ನಿನ್ನೆಗೆ ಕಲ್ಸಿದ್ದೆ ನಾನು!” ಎಂದು ಸೊಸೆ ತಲೆಗೆ ಕೈ ಹಚ್ಚಿಕೊಂಡರು. ಬೆಂಚಿನ ಮೇಲಿದ್ದವರು ಬಾಯಲ್ಲಿದ್ದ ಎಲೆ ಅಡಿಕೆಯ ಸಮೇತ ನಕ್ಕರು. ನಾನು ಸೊನ್ನೆ ಹಾಕಿದೆ.

ಮಿಕ್ಕವು ಸರಿಯಾಗಿಯೇ ಬಂದವು. ತಿಂಗಳು, ವರ್ಷ, ಮೂರು ಮಾತು ಎಲ್ಲವನ್ನೂ ಅಜ್ಜಿ ಪಾಠ ಒಪ್ಪಿಸುವ ಮಗುವಿನಂತೆ ಹೇಳಿದರು. ಆದರೆ ಈ ಸಲ ಅವರನ್ನು ದಣಿವು ಹಿಡಿದಿತ್ತು. ಕಲಿತದ್ದನ್ನು ಹಿಡಿದಿಟ್ಟುಕೊಳ್ಳುವ ಭರದಲ್ಲಿ, ಹೋದ ಸಲ ಸಲೀಸಾಗಿ ಹೇಳಿದ್ದ ಮಕ್ಕಳ ಹೆಸರಿನಲ್ಲಿ ಒಂದನ್ನು ಬಿಟ್ಟರು. ಬಾಗಿಲಲ್ಲಿ ನಿಂತ ಸೊಸೆಯ ತುಟಿ ಸದ್ದಿಲ್ಲದೆ ಆಡುತ್ತಿತ್ತು.

ಕೊನೆಗೆ ಅದೊಂದು ಪ್ರಶ್ನೆ ಉಳಿಯಿತು. ನಾನು ಲೆಕ್ಕ ಹಾಕಿದೆ: ಅದು ಬಂದರೆ ಗೆರೆಯ ಮೇಲೆ, ಬರದಿದ್ದರೆ ಕೆಳಗೆ. ಡಾಕ್ಟರ ಕಡೆ ನೋಡಿದೆ. ಅವರು ಕೇಳಿ ಎಂಬಂತೆ ತಲೆ ಆಡಿಸಿದರು.

“ಸಾರ್, ಇಷ್ಟು ಜನರ ಮುಂದೆ...”

“ಕೇಳಿ” ಎಂದರು.

ಕೇಳಿದೆ. ಅಜ್ಜಿ ನಗಲಿಲ್ಲ, ಸೆರಗನ್ನು ಬಾಯಿಗೆ ತರಲಿಲ್ಲ. ಸೊಸೆಯ ಕಡೆ ನೋಡಿದರು, ಬೆಂಚಿನ ಕಡೆ ನೋಡಿದರು. ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಅಜ್ಜಿಯ ಕುತ್ತಿಗೆಯ ನರ ಉಬ್ಬಿ ಇಳಿಯುತ್ತಿತ್ತು. ಆಮೇಲೆ ಅವರು ಗಂಡನ ಹೆಸರನ್ನು ಹೇಳಿದರು. ಮನೆತನದ ಹೆಸರು ಸೇರಿಸಿ, ಪೂರ್ತಿ, ಬೀದಿಗೆ ಕೇಳುವ ಹಾಗೆ.

ಸೊಸೆಯ ಮುಖ ಅರಳಿತು. ನಾನು ನೋಡಿದ್ದೇನೆ, ಅದು ನಿಜವಾಗಿ ಅರಳಿತು. “ಬಂತಲ್ರಿ! ಬರ್ಕಳ್ರಿ!” ಎಂದರು. ಆಮೇಲೆ ಅವರ ಕಣ್ಣು ಬೆಂಚಿನ ಕಡೆ ಹೋಯಿತು.

ಹುಡುಗನ ದೊಡ್ಡಪ್ಪ ಎದ್ದು ನಿಂತಿದ್ದರು. ಹೆಗಲ ಮೇಲಿನ ಟವೆಲ್ ಕೊಡವಿದರು. ಎಲೆ ಅಡಿಕೆಯ ಚೀಲದ ದಾರ ಎಳೆದು ಸುತ್ತಿದರು.

“ನಾನು ಅನುಮಾನ ಪರಿಹಾರ ಮಾಡ್ಕಳಾಕೆ ಬಂದಿದ್ದೆ. ಆತು” ಎಂದರು. “ತಲೆ ನೆಟ್ಟಗಿರೋ ಹೆಣ್ಮಗಳು ನಾಕು ಜನ ಗಂಡಸ್ರ ಮುಂದೆ ಗಂಡನ ಹೆಸರು ಹಿಡಿದು ಕೂಗ್ತಾಳೇನ್ರಿ?”

“ಇವರೇ ಕೇಳಿದ್ದು!” ಎಂದರು ಸೊಸೆ. “ಹೇಳದಿದ್ರೆ ನಾಪಾಸ್ ಅಂತಾರೆ ಇವರು! ನಾನೇ ಕಲ್ಸಿದೀನಿ, ಅತ್ತೆ ತಪ್ಪಿಲ್ಲ!”

“ನಾಪಾಸ್ ಆದ್ರೆ ಆಗ್ಲಿ ಬಿಡವ್ವ. ಅಜ್ಜಿಗೆ ವಾರ ಮರ್ತೈತೆ, ಮರ್ಯಾದೆ ನೆಪ್ಪೈತೆ ಅಂತ ಹೇಳ್ತಿದ್ದೆ ಊರಾಗೆ. ಈಗ ಏನ್ ಹೇಳ್ಲಿ?”

ಡಾಕ್ಟರು ಮುಂದೆ ಬಂದು, ಹೆಸರು ಹೇಳಿದ್ದು ಒಳ್ಳೆಯ ಲಕ್ಷಣ, ಅವರ ನೆನಪು ಚೆನ್ನಾಗಿದೆ ಎಂದು ವಿವರಿಸಲು ಹೊರಟರು. ಹಿಂದೆ ಕೊಡುವುದಿಲ್ಲ ಎಂದಿದ್ದ ಚೀಟಿಯನ್ನೇ ಬಾಯಲ್ಲಿ ಕೊಡುತ್ತಿದ್ದರು. “ನಿಮ್ಮ ಪುಸ್ತಕ ನಿಮಗೆ ಸಾಹೇಬ್ರೆ” ಎಂದು ಹುಡುಗನ ದೊಡ್ಡಪ್ಪ ಮೆಟ್ಟಿಲಿಳಿದರು. ಮಗ ಬರಿಗಾಲಿನಲ್ಲಿ ಹಿಂದೆ ಓಡಿದರು.

“ಸರಿಯಾಗಿ ಹೇಳಿದ್ನಾ?” ಎಂದು ಅಜ್ಜಿ ನನ್ನನ್ನು ಕೇಳಿದರು.

“ಹೇಳಿದ್ರಿ ಅಜ್ಜಿ” ಎಂದೆ.

ವಾಪಸು ಬರುವಾಗ ಡಾಕ್ಟರು, “ಆ ಅಂಕ ಹಾಕಬೇಕೋ ಬೇಡವೋ? ಅದು ಕಲಿಸಿದ ಉತ್ತರ. ಆದರೆ ಕಲಿತದ್ದನ್ನು ಹೇಳುವುದೂ ನೆನಪೇ ತಾನೆ?” ಎಂದರು. ನಾನು ಕೂಗಾಡಿದೆ. ಏನೆಂದು ಕೂಗಾಡಿದೆ ಎಂಬುದು ನೆನಪಿಲ್ಲ; ಇಲ್ಲಿ ಒಂದು ಒಳ್ಳೆಯ ಮಾತು ಕಟ್ಟಿ ನನ್ನ ಬಾಯಿಗೆ ಹಾಕಿಕೊಳ್ಳಬಹುದು, ಬೇಡ. ಸಾಬರು ಜೀಪು ನಿಲ್ಲಿಸಿ, “ಇಳಿದು ಜಗಳ ಮಾಡ್ಕಳ್ರಿ, ನನಗೆ ರೋಡ್ ಕಾಣಂಗಿಲ್ಲ” ಎಂದದ್ದು ನೆನಪಿದೆ.

ಸಂಬಂಧ ಮುರಿಯಿತು. ಬಹಳ ವರ್ಷಗಳ ಮೇಲೆ ನನ್ನ ಸಹೋದ್ಯೋಗಿ ಸಿಕ್ಕಾಗ ಈ ವಿಷಯ ಎತ್ತಿದೆ. ಅವನು ಬೇರೆಯದೇ ಹೇಳಿದ. ಹುಡುಗನ ಕಡೆಯವರಿಗೆ ಹತ್ತಿರದಲ್ಲೇ ಇನ್ನೊಂದು ಸಂಬಂಧ ನೋಡಿಯಾಗಿತ್ತು, ಬಿಡುವುದಕ್ಕೆ ಒಂದು ನೆಪ ಬೇಕಿತ್ತು, ಅಷ್ಟೆ. ಅಜ್ಜಿ ಹೆಸರು ಹೇಳಿದ್ದೂ ಅರ್ಧ ಮಾತ್ರ, ಪೂರ್ತಿ ಹೇಳಿದ್ದು ಮಗ. “ನೀನು ಅದನ್ನ ಬೆಳೆಸಿದೀಯ” ಎಂದ. ಇರಬಹುದು. ಅವನ ಕಥೆಯಲ್ಲಿ ನಾವು ಯಾರೂ ಯಾರಿಗೂ ಏನೂ ಮಾಡಿಲ್ಲ. ಅಷ್ಟು ಹಗುರವಾದ ನೆನಪನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ನನ್ನದನ್ನೂ ಅಷ್ಟೇ ಅನುಮಾನದಿಂದ ನೋಡಿದ್ದೇನೆ. ಆದರೆ ಅದಾದ ಮೇಲೆ ಆ ಮನೆಯ ಬಾಗಿಲಿಗೆ ಹೋದದ್ದು ನಾನೊಬ್ಬಳೇ, ಅವನು ಜೀಪಿನಿಂದ ಇಳಿದಿರಲಿಲ್ಲ.

ಆ ಅಂಕ ಹಾಕಿದ್ದರಿಂದ ಅಜ್ಜಿ ಗೆರೆಯ ಮೇಲೆ ಬಂದಿದ್ದರು, ನಾವು ಹೋಗಬೇಕಾಗಿರಲಿಲ್ಲ. ಅಷ್ಟರಲ್ಲಿ ಬೆಂಗಳೂರಿನ ಮೇಲಧಿಕಾರಿಗಳಿಂದ ಒಂದು ಮಾತು ಬಂತು: ಎರಡನೆಯ ಸುತ್ತಿನಲ್ಲಿ ಸುಧಾರಿಸಿದವರೆಲ್ಲರನ್ನೂ ಮತ್ತೆ ಪರೀಕ್ಷಿಸಬೇಕು. ಜೀಪನ್ನು ಬೀದಿಯ ತುದಿಯಲ್ಲೇ ನಿಲ್ಲಿಸಿ ನಾನು ನಡೆದು ಹೋದೆ. ಬಾಗಿಲಲ್ಲಿ ಮೊಮ್ಮಗಳು ಎರಡೂ ಕೈ ಚೌಕಟ್ಟಿಗೆ ಅಡ್ಡ ಇಟ್ಟುಕೊಂಡು ನಿಂತಿದ್ದಳು. ಅವಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

“ಅಜ್ಜಿ ಇದ್ದಾರಾ?” ಎಂದೆ.

“ಕೇಳ್ಸಂಗಿಲ್ವಾ?” ಎಂದಳು.

ಒಳಗಿನಿಂದ ಅಜ್ಜಿಯ ದನಿ ಬಂತು. ಗಂಡನ ಹೆಸರು, ಮನೆತನದ ಹೆಸರು ಸೇರಿಸಿ, ಪೂರ್ತಿ. ಸ್ವಲ್ಪ ಬಿಟ್ಟು ಇನ್ನೊಮ್ಮೆ.

“ಉಣ್ತೀಯ ಅಂದ್ರೆ ಅಜ್ಜನ ಹೆಸರು ಹೇಳ್ತಾಳೆ. ನೀರು ಬೇಕಾ ಅಂದ್ರೆ ಅಜ್ಜನ ಹೆಸರು. ಏನ್ ಕೇಳಿದ್ರೂ ಅದೇ. ನಮ್ಮವ್ವ ಒಂದೊಂದು ತುತ್ತಿಗೂ ಹೇಳ್ಸಿ ಹೇಳ್ಸಿ ಕಲ್ಸಿದ್ಲು, ಹೇಳಲ್ಲ ಅಂತ ಅಜ್ಜಿ ಅಳ್ತಿದ್ಲು. ಈಗ ಬಿಡಂಗಿಲ್ಲ. ಬೀದಿ ಹುಡುಗ್ರು ಹೊರಗೆ ನಿಂತು ಅಜ್ಜನ ಹೆಸರು ಕೂಗ್ತಾವೆ, ಅಜ್ಜಿ ಒಳಗಿಂದ ಕೂಗ್ತಾಳೆ. ಅಪ್ಪ ಅಂಗಡಿ ಬಾಗ್ಲು ಹಾಕ್ಕಂಡು ಕುಂತಾನೆ.” ಅವಳು ಅಳುತ್ತಿರಲಿಲ್ಲ. “ನನ್ನ ಮದ್ವಿ ಹೋದ್ರೆ ಹೋಗ್ಲಿ ಅಕ್ಕಾರೆ. ಇದನ್ನ ಬಿಡಿಸ್ರಿ.”

“ನಮಗೆ...” ಎಂದೆ.

“ಬರಲ್ಲ ಅಲ್ವಾ?”

ಬರುವುದಿಲ್ಲ ಎಂದೆ. ಅವಳು ಬಾಗಿಲು ಹಾಕಿದಳು.

ಜೀಪಿಗೆ ಬಂದು ಕೂತೆ. ಏನಾಯಿತೆಂದು ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. ಮುಂದಿನ ಮನೆ ಅದೇ ಬೀದಿಯ ಹಿಂದಿನ ಬೀದಿಯಲ್ಲಿತ್ತು. ಸಾಬರು ಅಲ್ಲಿಗೆ ಓಡಿಸಿದರು. ಜಗಲಿ ಮೇಲೆ ಒಬ್ಬ ಮುದುಕಿ ಬೇಳೆ ಆರಿಸುತ್ತಿದ್ದಳು, ಸುತ್ತ ಮೂರು ನಾಲ್ಕು ಹೆಂಗಸರು. ನಾನು ಇಳಿಯಲಿಲ್ಲ.

“ಆ ಪ್ರಶ್ನೆ ಬಿಟ್ಟರೆ ಇಳಿಯುತ್ತೇನೆ” ಎಂದೆ.

“ಬಿಡೋಕಾಗಲ್ಲ ಅಂತ ನಿಮಗೆ ಗೊತ್ತು.”

“ಹಾಗಾದರೆ ನೀವೇ ಕೇಳಿ.”

ಡಾಕ್ಟರು ಸಹೋದ್ಯೋಗಿಯ ಕಡೆ ತಿರುಗಿದರು. ಅವನು ತನ್ನ ಚಪ್ಪಲಿಯ ಉಂಗುಟವನ್ನು ಸರಿಮಾಡಿಕೊಳ್ಳುತ್ತಿದ್ದ. ಡಾಕ್ಟರು ನನ್ನ ತೊಡೆಯ ಮೇಲಿದ್ದ ಕಾಗದಗಳನ್ನು ತೆಗೆದುಕೊಂಡು ಇಳಿದು ಹೋದರು. ಜಗಲಿಯ ಕೆಳಗೆ ನಿಂತು ತಮ್ಮ ಬೆಂಗಳೂರಿನ ಕನ್ನಡದಲ್ಲಿ ಮೊದಲ ಪ್ರಶ್ನೆ ಕೇಳಿದರು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಅವರು ಕಾಗದದಲ್ಲಿ ಏನೋ ಬರೆದುಕೊಂಡು ಎರಡನೆಯ ಪ್ರಶ್ನೆಗೆ ಹೋದರು.

“ಕೊನೇತನಕ ಕೇಳ್ತಾರೇನ್ರಿ ಮೇಡಂ?” ಎಂದರು ಸಾಬರು.

“ಕೇಳ್ತಾರೆ” ಎಂದೆ.

ಅವರು ಇಂಜಿನ್ ಆರಿಸಿದರು.